ಲಗಮವ್ವ ನಾಲ್ಕು ಸಲ ಬಂದಿದ್ದಳು

ಬೀರಪ್ಪ, ನಿನ್ನ ಹೆಂಡತಿ ಲಗಮವ್ವ ನಮ್ಮ ದವಾಖಾನೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಎಂದು ನಾನು ನಿನಗೆ ಹೇಳಿದೆನಲ್ಲ — ಅದು ಸುಳ್ಳು. ಆಕೆ ಬಂದಿದ್ದಳು. ಒಂದು ಸಲವಲ್ಲ, ನಾಲ್ಕು ಸಲ. ನಾಲ್ಕೂ ಸಲ ಆಕೆಯ ಹೆಸರು ಬರೆದುಕೊಂಡವನು ನಾನೇ, ನೀನು ಇವತ್ತಿಗೂ ಎದ್ದು ನಿಂತು ನಮಸ್ಕಾರ ಮಾಡುವ ಈ ಕಂಪೌಂಡರ್ ಕಲ್ಲಪ್ಪ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚಿಕ್ಕೋಡಿ ತಾಲೂಕಿನ ಆ ಸಣ್ಣ ಸರಕಾರಿ ದವಾಖಾನೆಯಲ್ಲಿ ಗುಳಿಗೆ ಕೊಡುವುದರ ಜೊತೆಗೆ ಬರೆಯುವ ಕೆಲಸವೂ ನನ್ನದೇ ಆಗಿತ್ತು. ರೋಗಿ ಮೊದಲು ನನ್ನ ಮೇಜಿಗೆ ಬರಬೇಕು. ಹೆಸರು, ಊರು, ಏನು ತ್ರಾಸು ಎಂದು ಕೇಳಿ ರಜಿಸ್ಟರಿನಲ್ಲಿ ಬರೆದು, ಒಂದು ಚೀಟಿ ಕೊಟ್ಟು ಒಳಗೆ ಡಾಕ್ಟರ ಹತ್ತಿರ ಕಳಿಸುವುದು ನನ್ನ ಕೆಲಸ. ಯಾವ ರೋಗ ಅನ್ನುವುದರ ನಂಬರನ್ನು ಡಾಕ್ಟರು ನೋಡಿದ ಮೇಲೆಯೇ ಹಾಕಬೇಕು ಎಂಬುದು ನಿಯಮ. ಆದರೆ ಸಂತೆಯ ದಿನ ಬಾಗಿಲಾಚೆಗೂ ಜನರ ಪಾಳಿ ಹತ್ತುತ್ತಿತ್ತು. ನಾನೇ ಮೊದಲು ನಂಬರು ಹಾಕಿಬಿಡುತ್ತಿದ್ದೆ — ಡಾಕ್ಟರಿಗೂ ಹಗುರ, ನನಗೂ ಹಗುರ.

ಜ್ವರಕ್ಕೊಂದು, ಭೇದಿಗೊಂದು, ಕಜ್ಜಿಗೊಂದು, ಜಂತುಹುಳಕ್ಕೊಂದು ನಂಬರು. ಅಚ್ಚು ಹಾಕಿಸಿದ ಪಟ್ಟಿಯೇ ಇತ್ತು. ಊಟ ಸೇರುವುದಿಲ್ಲ ಅನ್ನುವುದಕ್ಕೆ ಮಾತ್ರ ನಂಬರು ಇರಲಿಲ್ಲ. ಅಂಥವರನ್ನು ಕೊನೆಯ ‘ಇತರೆ’ ಸಾಲಿಗೆ ಸೇರಿಸಿ, ರೋಗಿ ಹೇಳಿದ್ದನ್ನು ಬಿಡಿಸಿ ಬರೆಯಬೇಕಿತ್ತು. ತಿಂಗಳ ವರದಿಯಲ್ಲಿ ‘ಇತರೆ’ ಹೆಚ್ಚಾದರೆ ಮೇಲಿನವರು ಮುಖ ಗಂಟು ಹಾಕುತ್ತಿದ್ದರು. ಹೀಗಾಗಿ ಊಟ ಸೇರದವರನ್ನೆಲ್ಲ ನಾನು ಹುಳದ ನಂಬರಿಗೆ ಹಾಕುತ್ತಿದ್ದೆ. ಕಲ್ಲಪ್ಪನ ವರದಿ ಚೊಕ್ಕ, ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಹೊಗಳುತ್ತಿದ್ದರು. ನಾನೂ ಉಬ್ಬಿಹೋಗುತ್ತಿದ್ದೆ, ದಡ್ಡ.

ಆ ವರ್ಷ ಮಳೆ ಹಿಡಿಯುತ್ತಿದ್ದಂತೆ ನೀನು ಕುರಿ ಹೊಡೆದುಕೊಂಡು ಕೃಷ್ಣಾ ದಾಟಿ ಅಥಣಿ ಕಡೆ ಹೋಗಿದ್ದೆ. ಲಗಮವ್ವ ಕಬ್ಬೂರಿನಿಂದ ಒಬ್ಬಳೇ ನಡೆದು ಬಂದಳು. “ಅಣ್ಣಾ, ರೊಟ್ಟಿ ಕಂಡ್ರ ಹೊಟ್ಟಿ ತೊಳಸ್ತೈತ್ರಿ. ಎರಡ ತುತ್ತಿಗೆ ಸಾಕ ಅನಸ್ತೈತಿ,” ಅಂದಳು. ಹುಳದ ನಂಬರು ಹಾಕಿದೆ. ತಿಂಗಳ ಮೇಲೆ ಮತ್ತೆ ಬಂದಳು, ಮತ್ತೆ ಅದೇ ನಂಬರು. ಪ್ರತಿ ಸಲ ಹೊಸ ಚೀಟಿ. ಹಳೆಯದೆಲ್ಲ ರಜಿಸ್ಟರಿನಲ್ಲಿ, ರಜಿಸ್ಟರು ನನ್ನ ಮೇಜಿನ ಮೇಲೆ. ಡಾಕ್ಟರು ಚೀಟಿಯ ಮೇಲಿನ ನಂಬರು ನೋಡಿ ಹುಳದ ಗುಳಿಗೆ ಬರೆಯುತ್ತಿದ್ದರು. ಆಕೆ ಮತ್ತೆ ಮತ್ತೆ ಬರುತ್ತಿದ್ದಾಳೆ ಎಂಬುದು ಗೊತ್ತಿದ್ದದ್ದು ನನಗೊಬ್ಬನಿಗೇ.

ಮೂರನೆಯ ಸಲ ಆಕೆ ಸೊಂಟದ ಹತ್ತಿರ ಸೀರೆಯನ್ನು ಹಿಡಿದು ತೋರಿಸಿದಳು.

“ಸೀರಿ ನಡದಾಗ ನಿಂದ್ರವಲ್ದ್ರಿ. ಅದನ್ನೂ ಬರೀರಿ ಅಣ್ಣಾ. ಡಾಕ್ಟರ್ ಮುಂದ ನನಗ ಬಾಯಿ ಬರೂದಿಲ್ಲ, ಅವರ ಓದ್ಲಿ.”

“ಅದಕ್ಕ ಇಲ್ಲಿ ಜಾಗಾ ಇಲ್ಲಬೇ. ಗುಳಿಗಿ ತಗೊ, ಹಸಿವಿ ತಾನ ಅಕ್ಕೈತಿ.”

ಜಾಗ ಇತ್ತು, ಬೀರಪ್ಪ. ಚೀಟಿಯಲ್ಲಿ ಮೂರು ಬೆರಳಗಲ ಖಾಲಿ ಇತ್ತು. ನಾನು ಬರೆಯಲಿಲ್ಲ — ಆಕೆಯ ಹಿಂದೆ ಪಾಳಿ ಇತ್ತು, ಮತ್ತು... ಬೇಸರ. ಬರೀ ಬೇಸರ. ನಾಲ್ಕನೆಯ ಸಲ ಆಕೆ ಏನನ್ನೂ ಬರೆಯಲು ಹೇಳಲಿಲ್ಲ. ಸುಮ್ಮನೆ ಚೀಟಿ ತೆಗೆದುಕೊಂಡು ಹೋದಳು.

ದೀಪಾವಳಿಯ ಹೊತ್ತಿಗೆ ನೀನು ತಿರುಗಿ ಬಂದು, ಆಕೆಯನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದೆ. ಅವತ್ತು ಡಾಕ್ಟರು ಮೊದಲ ಸಲ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. ಗಂಟು ಕೈಗೇ ಸಿಕ್ಕಿತು. ಮಿರಜಿನ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿಂದ ಆಕೆ ಜೀವಂತ ತಿರುಗಿ ಬರಲಿಲ್ಲ.

ಮಣ್ಣು ಮಾಡಿ ಒಂದು ವಾರಕ್ಕೆ ನೀನು ನನ್ನ ಮೇಜಿನ ಮುಂದೆ ಬಂದು ನಿಂತೆ. “ದವಾಖಾನಿಗೆ ಹೋಗಿದ್ನಿ ಅಂತಿದ್ಲ್ರಿ ಆಕಿ. ನಾ ಸಿಟ್ಟಾದೇನಂತ ಅಂದಿರ್ಬೇಕ. ಖರೇ ಬಂದಿದ್ಲೇನ್ರಿ?”

ಹೌದು ಅಂದರೆ ಮುಂದಿನ ಪ್ರಶ್ನೆ ನನಗೇ ಬರುತ್ತಿತ್ತು. ನಾನು ರಜಿಸ್ಟರು ತೆಗೆದೆ. ನಿನಗೆ ಓದು ಬರುವುದಿಲ್ಲ ಎಂದು ಗೊತ್ತಿದ್ದೇ, ನಿನ್ನ ಮುಂದೆ ಹಾಳೆ ತಿರುವುತ್ತ, ಸಾಲು ಸಾಲಿಗೂ ಬೆರಳಾಡಿಸಿದೆ. ಬೆರಳು ಆಕೆಯ ಹೆಸರಿನ ಮೇಲೆಯೇ ಹಾದುಹೋಯಿತು — ಒಮ್ಮೆಯಲ್ಲ.

“ಇಲ್ಲೋ ಬೀರಪ್ಪ. ಹೆಸರಿಲ್ಲ. ನೀನ ತಡಾ ಮಾಡಿದಿ.”

ನೀನು ತಲೆಯಾಡಿಸಿದೆ. ನನ್ನ ಮೇಲೆ ನಿನಗೆ ಅನುಮಾನವೇ ಬರಲಿಲ್ಲ.

ಹತ್ತು ವರ್ಷ ಇದನ್ನು ನುಂಗಿಕೊಂಡು ಬದುಕಿದೆ; ನಿಪ್ಪಾಣಿಗೆ ವರ್ಗ ಆಯಿತು, ನಿವೃತ್ತಿಯೂ ಆಯಿತು. ಹೋದ ತಿಂಗಳು ಭೋಜ ಊರಿನ ಒಂದು ಮದುವೆಯಲ್ಲಿ ನೀನು ಸಿಕ್ಕೆ. ಮದುಮಗನಿಗೆ ಬುದ್ಧಿ ಹೇಳುತ್ತಿದ್ದೆ. “ಹೇಂತಿ ಎಷ್ಟ ಉಂಡ್ಲು ನೋಡಪಾ. ಕುರಿ ಒಂದಿನಾ ಮೇವ ಬಿಟ್ರ ನನಗ ತಿಳೀತೈತಿ. ಹೇಂತಿ ನಾಕ ತಿಂಗಳ ಉಣ್ಣಲಿಲ್ಲ, ತಿಳೀಲಿಲ್ಲ. ಆಕಿನೂ ಬಾಯಿ ಬಿಡಲಿಲ್ಲ, ಸಾಯೂ ಮುಂದ ಸುಳ್ಳ ಹೇಳಿದ್ಲು.” ಅಷ್ಟರಲ್ಲಿ ನನ್ನನ್ನು ಕಂಡೆ. “ಬರ್ರಿ ಸಾಹೇಬ್ರ,” ಎಂದು ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿ, ನೀನೇ ಹೋಳಿಗೆ ಬಡಿಸಿದೆ. ನಾನು ಪೂರ್ತಿ ತಿಂದೆ. ಆ ನಾಚಿಕೆಯೇ ನನ್ನನ್ನು ಈ ಹಾಳೆಯ ಮುಂದೆ ಕೂರಿಸಿದೆ.

ಬೇಗ ತಿಳಿದಿದ್ದರೆ ಆಕೆ ಉಳಿಯುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಮಾತಿನ ಹಿಂದೆ ಅಡಗಿಕೊಳ್ಳುವುದೂ ಬೇಡ. ಸತ್ತವಳನ್ನು ಸುಳ್ಳಿ ಮಾಡಿದೆ, ಇದ್ದವನ ಮೇಲೆ ತಪ್ಪು ಹೊರಿಸಿದೆ. ಇದಕ್ಕೆ ಕ್ಷಮೆ ಕೇಳುವ ಧೈರ್ಯವೂ ನನಗಿಲ್ಲ.

ನಾಳೆ ಕಬ್ಬೂರಿಗೆ ಬರುತ್ತೇನೆ. ಲಗಮವ್ವನ ಮಕ್ಕಳನ್ನೂ ಹತ್ತಿರ ಕೂರಿಸಿಕೋ. ಇದನ್ನು ನಾನೇ ಓದುತ್ತೇನೆ, ಅವತ್ತು ಬರೆಯದೆ ಬಿಟ್ಟ ಚೀಟಿಯನ್ನೂ ಸೇರಿಸಿ:

ಲಗಮವ್ವ, ಕಬ್ಬೂರು. ರೊಟ್ಟಿ ಕಂಡರೆ ಹೊಟ್ಟೆ ತೊಳಸುತ್ತದೆ. ಎರಡು ತುತ್ತಿಗೆ ಸಾಕೆನಿಸುತ್ತದೆ. ಸೀರೆ ಸೊಂಟದಲ್ಲಿ ನಿಲ್ಲುತ್ತಿಲ್ಲ. ನಾಲ್ಕು ಸಲ ನಡೆದು ಬಂದಿದ್ದಾಳೆ. ಬಾಯಿ ಬಿಟ್ಟು ಹೇಳಿದ್ದಾಳೆ. ಗಂಡನಿಗೆ ಸುಳ್ಳು ಹೇಳಿಲ್ಲ.