ತಾರಸಿ ಹತ್ತಬೇಕಾದರೆ ಅಂಗಿ ಕೊಡಿ

ನಮ್ಮೂರಿನ ಗಂಡಸರು ಒಂದು ಕಾಲದಲ್ಲಿ ಮದುವೆ ಗಂಡುಗಳ ಹಾಗೆ ಗರಿಗರಿಯಾಗಿ ಓಡಾಡುತ್ತಿದ್ದರು. ಗಾರೆ ಕಲಸುವವನ ಅಂಗಿಯ ತೋಳಿನ ಮಡಿಕೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಪರ ಊರಿನವರು ನಮ್ಮನ್ನು ಕಂಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಆಡಿಕೊಳ್ಳುತ್ತಿದ್ದರು. ಅವರಿಗೇನು ಗೊತ್ತು? ಅದು ಶೋಕಿಯಲ್ಲ, ಕೆಂಡತ್ತೆಯ ಕಾನೂನು.

ಕೆಂಡತ್ತೆ ಇಸ್ತ್ರಿ ಅಂಗಡಿಯವಳು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅವಳ ಇಸ್ತ್ರಿಪೆಟ್ಟಿಗೆಯಲ್ಲಾಗಲಿ ನಾಲಿಗೆಯಲ್ಲಾಗಲಿ ಕೆಂಡ ಆರಿದ್ದನ್ನು ಕಂಡವರಿಲ್ಲವಾದ್ದರಿಂದ ಊರು ಇಟ್ಟ ಹೆಸರೇ ನಿಂತಿತು. ಅಂಗಡಿ ಕೆಳಗೆ, ಮನೆ ಮೇಲೆ, ಅದರ ಮೇಲೆ ತಾರಸಿ. ಮನೆಗೆ ಹೊರಗಿನಿಂದ ಮೆಟ್ಟಿಲಿತ್ತು. ತಾರಸಿಗೆ ಮೆಟ್ಟಿಲು ಹಾಕಿಸುವುದನ್ನು ಮುಂದೂಡುತ್ತಾ ಬಂದ ಅವಳ ಗಂಡ, ಕೊನೆಗೆ ಮೆಟ್ಟಿಲಿನ ಹಂಗೇ ಇಲ್ಲದೆ ಮೇಲೆ ಹೋಗಿಬಿಟ್ಟ. ಉಳಿದದ್ದು ಒಂದು ಬಿದಿರಿನ ಏಣಿ. ಮಹಡಿಯ ಮೆಟ್ಟಿಲು ಮುಗಿಯುವ ಕಿರಿದಾದ ಕಟ್ಟೆಯ ಮೇಲೆ ಅದನ್ನು ನಿಲ್ಲಿಸಿ ತಾರಸಿಗೆ ಒರಗಿಸಿದ್ದಳು.

ನಮ್ಮೂರು ಬಾಣಲೆಯ ತಳದಲ್ಲಿದೆ, ಸುತ್ತ ಗುಡ್ಡ. ಎಲ್ಲೋ ದೂರದ ಟವರಿನ ಸಿಗ್ನಲ್ಲು ಎರಡು ಗುಡ್ಡಗಳ ಸಂದಿಯಲ್ಲಿ ನುಸುಳಿ ಬಂದು, ಊರಲ್ಲಿ ಬೇರೆಲ್ಲೂ ಇಳಿಯದೆ, ಕೆಂಡತ್ತೆಯ ತಾರಸಿಯ ಮೇಲೆ ಮಾತ್ರ ಕಾಗೆಯ ಹಾಗೆ ಬಂದು ಕೂರುತ್ತಿತ್ತು. ಅದನ್ನು ಮೊದಲು ಕಂಡುಹಿಡಿದದ್ದು ಸಂಡಿಗೆ ಕಾಯಲು ಹತ್ತಿದ್ದ ಅವಳ ಮಗ. ಸುದ್ದಿ ಹಬ್ಬಿ, ಊರೆಲ್ಲ ಫೋನು ಹಿಡಿದು ಅವಳ ಮೆಟ್ಟಿಲ ಬುಡಕ್ಕೆ ಬಂತು. ಕೆಂಡತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತು ಕಾನೂನು ಹೊರಡಿಸಿದಳು: ತಾರಸಿ ಹತ್ತುವವರು ಇಸ್ತ್ರಿಗೆ ಒಂದು ಬಟ್ಟೆ ಕೊಡಬೇಕು.

ಬೇಕರಿಯವನು ಜಾಣತನ ಮಾಡಿ ಕರವಸ್ತ್ರ ತಂದ.

"ಇದರಲ್ಲಿ ಮೂಗು ಒರೆಸ್ತೀಯ, ಇದಕ್ಕೆ ಇಸ್ತ್ರಿ ಬೇರೆ ಕೇಡು. ಅಂಗಿ ತಾ, ಇಲ್ಲ ಪ್ಯಾಂಟ್ ತಾ," ಎಂದಳು.

"ಅತ್ತೆ, ಒಂದೇ ಒಂದು ನಿಮಿಷದ ಮಾತು..."

"ನಿನ್ನ ಹೆಂಡ್ತಿ ಹತ್ರ ಹೇಳು ಅದನ್ನ. ಒಂದು ನಿಮಿಷ ಅಂತ ಹೋದವನು ನಿನ್ನೆ ಕತ್ತಲಾದ ಮೇಲೆ ಇಳಿದೆ."

ಹೀಗೆ ನಮ್ಮೂರು ಗರಿಗರಿಯಾಯಿತು. ಕೆಂಡತ್ತೆಯ ಮಗ ಲಾರಿ ಓಡಿಸುತ್ತಾನೆ, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಅವನ ಹೆಂಡತಿ ಊರಿನ ಆರೋಗ್ಯ ಕೇಂದ್ರದ ನರ್ಸು. ಅಲ್ಲಿಗೆ ಡಾಕ್ಟರು ಬರುವುದು ಹುಣ್ಣಿಮೆಗೋ ಅಮಾವಾಸ್ಯೆಗೋ. ಉಳಿದ ದಿನ ರೋಗಿಯ ಗಾಯದ ಫೋಟೋ ಕಳಿಸಿ, ಡಾಕ್ಟರು ಹೇಳಿದ್ದನ್ನು ಕೇಳಿಕೊಳ್ಳಬೇಕು. ಜೊತೆಗೆ ದಿನದಿನದ ಲೆಕ್ಕವನ್ನು ಮೇಲಿನವರಿಗೆ ಕಳಿಸಬೇಕು. ಎಲ್ಲಕ್ಕೂ ತಾರಸಿಯೇ ಗತಿ. ಅತ್ತೆ ಅವಳಿಗೂ ರಿಯಾಯಿತಿ ಕೊಡಲಿಲ್ಲ, ಬಿಳಿ ಕೋಟನ್ನು ಕಿತ್ತುಕೊಂಡೇ ಮೇಲೆ ಬಿಡುತ್ತಿದ್ದಳು. "ನಮ್ಮತ್ತೆ ಯಮನಿಗೂ ಅಂಗಿ ಬಿಚ್ಚಿಸ್ತಾಳೆ," ಎಂದು ಸೊಸೆ ಕೇರಿಗೆಲ್ಲ ಹೇಳಿಕೊಂಡು ಬಂದಳು. ಕೆಂಡತ್ತೆ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು.

ಆಗಲೇ ಸರ್ಕಾರ ಊರೂರಿಗೆ ಇಂಟರ್ನೆಟ್ ತಂತಿ ಎಳೆಸುತ್ತೇನೆಂದು ಹೊರಟಿದ್ದು. ಕಂಪನಿಯವರು ಲಾಭದ ವಾಸನೆ ಇಲ್ಲದ ಕಡೆ ಒಂದು ಮೊಳೆ ಸಹ ಹೊಡೆಯುವುದಿಲ್ಲ. ಆದ್ದರಿಂದ ನಮ್ಮಂಥ ಊರಿಗೆ ರಸ್ತೆ ಹಾಕಿದ ಹಾಗೆ ತಂತಿಯನ್ನೂ ಸರ್ಕಾರವೇ ಹಾಕಬೇಕು. ನ್ಯಾಯವಾದ ಮಾತು. ಆದರೆ ನೆಟ್ ಇಲ್ಲದ ಊರಿಗೆ ಮಾತ್ರ ಎಂದು ನಿಯಮ ಮಾಡಿ, ಇದೆಯೋ ಇಲ್ಲವೋ ನೋಡಲು ಒಬ್ಬ ಹುಡುಗ ಸಾಹೇಬನನ್ನು ಕಳಿಸಿದರು.

ನಮ್ಮವರ ಬುದ್ಧಿಗೆ ಏನು ಹೇಳಲಿ! ಮನೆಗೆ ಬಂದವರಿಗೆ ಹರಿದ ಚಾಪೆ ಹಾಸುವುದುಂಟೇ? ಶಾಲೆಯ ಮೇಷ್ಟ್ರು ಮುಂದೆ ನಿಂತು, "ಸಾರ್, ನಮ್ಮೂರಲ್ಲಿ ಅತ್ಯುತ್ತಮ ಜಾಗ ತೋರಿಸ್ತೀನಿ ಬನ್ನಿ," ಎಂದು ಅವನನ್ನು ಸೀದಾ ಕೆಂಡತ್ತೆಯ ತಾರಸಿಗೆ ಹತ್ತಿಸಿದರು. ಅವನ ಸಿಗ್ನಲ್ ಅಳೆಯುವ ಯಂತ್ರ ಖುಷಿಯಿಂದ ಕುಣಿಯಿತು. ಕೆಳಗಿಳಿದು, ಗರಿಗರಿ ಅಂಗಿಗಳ ಜನವನ್ನು ಒಮ್ಮೆ ನೋಡಿ, ಇವರಿಗೇನು ಕಡಿಮೆ ಎಂದುಕೊಂಡಿರಬೇಕು. ಸರ್ಕಾರದ ನಕ್ಷೆಯಲ್ಲಿ ನಮ್ಮೂರು ಹಸಿರಾಯಿತು. ಹಸಿರೆಂದರೆ ನೆಟ್ ಇದೆ, ತಂತಿ ಬೇಡ.

ನರ್ಸು ಸೊಸೆ ತಾರಸಿ ಹತ್ತಿ ದೂರು ಕಳಿಸಿದಳು. ಉತ್ತರ ಬಂತು: ತಮ್ಮ ದೂರು ಇಂಟರ್ನೆಟ್ ಮೂಲಕವೇ ತಲುಪಿರುವುದರಿಂದ ತಮ್ಮಲ್ಲಿ ಇಂಟರ್ನೆಟ್ ಇರುವುದು ದೃಢಪಟ್ಟಿದೆ. ಧನ್ಯವಾದಗಳು.

ಅಷ್ಟರಲ್ಲಿ ಸೊಸೆ ಬಸುರಿಯಾದಳು. ಹೊಟ್ಟೆ ಕಾಣಿಸತೊಡಗಿದ ಮೇಲೂ ಏಣಿ ಹತ್ತುವುದು ತಪ್ಪಲಿಲ್ಲ. ಒಂದು ದಿನ ಮೇಲಿನ ಹಂತದಲ್ಲಿ ಕಾಲು ಜಾರಿ, ಎರಡೂ ಕೈಯಲ್ಲಿ ಏಣಿ ತಬ್ಬಿಕೊಂಡು ನೇತಾಡಿದಳು. ಫೋನು ಬಿದ್ದು ಚೂರಾಯಿತು. ಕೆಂಡತ್ತೆ ಇಸ್ತ್ರಿಪೆಟ್ಟಿಗೆಯನ್ನು ಮೇಷ್ಟ್ರ ಅಂಗಿಯ ಬೆನ್ನ ಮೇಲೆ ಹಾಗೆಯೇ ಬಿಟ್ಟು ಓಡಿದಳು. ಆ ಅಂಗಿಯಲ್ಲಿ ಈಗಲೂ ದೋಣಿಯಾಕಾರದ ಕಿಟಕಿ ಇದೆ.

"ನಾಳೆಯಿಂದ ಹತ್ತಿದ್ರೆ ಕಾಲು ಮುರೀತೀನಿ," ಎಂದಳು ಸೊಸೆಗೆ.

"ಹತ್ತದೇ ಇದ್ರೆ ಕೆಲಸ ಹೋಗುತ್ತೆ. ನೀವು ಹಾಕ್ತೀರಾ ಅನ್ನ?"

"ಇಷ್ಟು ದಿನ ನೀನು ತಿಂದಿದ್ದು ಮಣ್ಣಾ?"

"ತಂತಿ ಬಂದ್ರೆ ನಿಮ್ಮ ಅಂಗಡಿಗೆ ಕಲ್ಲು ಬೀಳುತ್ತೆ, ಅದು ಬರಲಿಲ್ಲ ಅಂತ ಒಳಗೊಳಗೇ ಖುಷಿಯಾಗಿದ್ದೀರ. ನನಗೆ ಗೊತ್ತಿಲ್ವಾ?"

ಕೆಂಡತ್ತೆ ಬಗ್ಗಿ ಫೋನಿನ ಚೂರುಗಳನ್ನು ಆಯತೊಡಗಿದಳು. ಸೊಸೆ ಹೇಳಿದ್ದು ಪೂರ್ತಿ ಸುಳ್ಳೂ ಆಗಿರಲಿಲ್ಲವಲ್ಲ.

ಮೇಷ್ಟ್ರು, ತಾವು ಮಾಡಿದ ಘನಕಾರ್ಯ ತೊಳೆಯಬೇಕೆಂದು ಬಸ್ಸು ಹತ್ತಿ ಹೋಗಿ ಕಚೇರಿಯ ಬೆಂಚಿನಲ್ಲಿ ಬೇರು ಬಿಟ್ಟು ಕೂತರು. ಅವರ ಕೆಮ್ಮಿನ ಕಾಟ ತಾಳಲಾರದೆ ಕಚೇರಿಯವರು ಇನ್ನೊಮ್ಮೆ ಪರೀಕ್ಷೆಗೆ ಒಪ್ಪಿದರಂತೆ. ಈ ಸಲ ದೊಡ್ಡ ಸಾಹೇಬನೇ ಬರುವವನು. ಆದರೆ ಪರೀಕ್ಷೆ ನಡೆಯುವುದು ಹಿಂದೆ ಗುರುತು ಹಾಕಿದ ಜಾಗದಲ್ಲೇ, ಅಂದರೆ ಅದೇ ತಾರಸಿಯ ಮೇಲೆ!

ಊರವರು ಸಭೆ ಸೇರಿದರು. ಏಣಿ ಮುರಿದಿದೆ ಎಂದು ಹೇಳಿ ಬಚ್ಚಿಡೋಣ ಎಂದರು ಮೇಷ್ಟ್ರು. ಕೆಂಡತ್ತೆ ಖಡಾಖಂಡಿತವಾಗಿ ಹೇಳಿದಳು: "ನನ್ನ ಏಣಿ ನನ್ನ ಮನೇಲೇ ನಿಂತಿರುತ್ತೆ. ಬಚ್ಚಿಡೋಕೆ ನಾನೇನು ಕಳ್ಳೀನಾ?" ಎಲ್ಲರೂ ಮುಖಮುಖ ನೋಡಿಕೊಂಡರು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ ಎಂದುಕೊಂಡು ಎದ್ದು ಹೋದರು. ಸೊಸೆ ಮಾತು ಬಿಟ್ಟಳು.

ದೊಡ್ಡ ಸಾಹೇಬ ಬಂದ. ಮೈ ದೊಡ್ಡದು, ಅಂಗಿ ಕಾರಿನಲ್ಲಿ ಕೂತು ಕೂತು ಮುದುರಿತ್ತು. ನೇರವಾಗಿ ಮೆಟ್ಟಿಲ ಬುಡಕ್ಕೆ ಹೋದ. ಕೆಂಡತ್ತೆ ಅಡ್ಡ ನಿಂತಳು.

"ಅಂಗಿ ಬಿಚ್ಚಿ."

"ಏನಮ್ಮಾ?"

"ಮೇಲೆ ಹೋಗೋರು ಒಂದು ಬಟ್ಟೆ ಇಸ್ತ್ರಿಗೆ ಕೊಡಬೇಕು. ಇಲ್ಲಿ ಅದೇ ಕಾನೂನು."

"ನಾನು ಸರ್ಕಾರದವನು!"

"ಸರ್ಕಾರದ ಅಂಗಿಗೆ ಸುಕ್ಕು ಬೀಳಲ್ವಾ? ಅಲ್ನೋಡಿ, ಬೆನ್ನೆಲ್ಲ ಹಳ್ಳ ದಿಣ್ಣೆ."

ಊರೇ ನಿಂತು ನೋಡುತ್ತಿತ್ತು. ವಾದ ಮಾಡಿದರೆ ಇನ್ನೂ ಮರ್ಯಾದೆಗೇಡು ಎಂದು ಅವನಿಗೆ ತೋರಿರಬೇಕು. ಅಂಗಿ ಕೊಟ್ಟು, ತೂತುಬಿದ್ದ ಬನಿಯನ್ನಿನಲ್ಲಿ ಏದುಸಿರು ಬಿಡುತ್ತಾ ಏಣಿ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿಂದ ಕೂಗಿದ: "ಏನ್ರೀ ಮೇಷ್ಟ್ರೇ, ಸುಳ್ಳು ದೂರು ಕೊಡ್ತೀರಾ? ಇಲ್ಲಿ ಫುಲ್ ಇದೆ. ವಿಡಿಯೋನೂ ಓಡ್ತಿದೆ!"

ಹಾಲು ಚೆಲ್ಲಿದ ಬೆಕ್ಕನ್ನು ನೋಡುವ ಹಾಗೆ ಮೇಷ್ಟ್ರು ಕೆಂಡತ್ತೆಯನ್ನು ನೋಡಿದರು. ಅವಳು ಅಂಗಿಗೆ ನೀರು ಚಿಮುಕಿಸಿ, ಕಾಲರು ತಿರುವಿ, ಗುಂಡಿಗಳ ಸುತ್ತ ಇಸ್ತ್ರಿಯ ಮೂತಿ ಆಡಿಸಿ, ಕೊನೆಯ ಮಡಿಕೆ ಹಾಕಿದಳು. ಆಮೇಲೆ ನಿಧಾನಕ್ಕೆ ಮೆಟ್ಟಿಲು ಹತ್ತಿ, ಏಣಿಯನ್ನು ಎಳೆದುಕೊಂಡು ಕೆಳಗೆ ಬಂದಳು.

"ಅಮ್ಮಾ, ಏಣಿ! ಏಣಿ!"

"ಫೋನ್ ಮಾಡಿ ಸಾಹೇಬ್ರೇ."

"ಯಾರಿಗೆ?"

"ಯಾರಿಗಾದ್ರೂ. ಊರಿಗೆಲ್ಲ ಸಿಗ್ನಲ್ ಇದೆ ಅಂತ ನಿಮ್ಮ ನಕ್ಷೆ ಹೇಳುತ್ತಲ್ಲ. ಫೋನಲ್ಲಿ ಕೇಳಿ, ಇಡ್ತೀನಿ. ಕೂಗಿದ್ರೆ ನನಗೆ ಕಿವಿ ಕೇಳಿಸಲ್ಲ."

ಸಾಹೇಬ ಮೇಷ್ಟ್ರಿಗೆ ಫೋನ್ ಮಾಡಿದ. ಮೇಷ್ಟ್ರು ತಮ್ಮ ಫೋನನ್ನು ಅಂಗೈ ಮೇಲಿಟ್ಟು ಎಲ್ಲರಿಗೂ ತೋರಿಸಿದರು, ಸತ್ತ ಇಲಿಯ ಹಾಗೆ ಬಿದ್ದಿತ್ತು. ಬೇಕರಿಯ ಬೋರ್ಡಿನಲ್ಲಿದ್ದ ನಂಬರಿಗೆ ಮಾಡಿದ. ಬೇಕರಿಯವನು ಬಾಗಿಲಲ್ಲೇ ನಿಂತು, "ಬಂದಿಲ್ಲ ಸಾರ್, ಇನ್ನೊಂದ್ಸಲ ಮಾಡಿ," ಎಂದು ಹುರಿದುಂಬಿಸಿದ. ಕೊನೆಗೆ ಸ್ಪೀಕರ್ ಹಾಕಿ ತನ್ನ ಕಚೇರಿಗೇ ಮಾಡಿದ. ಆ ಕಡೆಯವನ ದನಿ ಬೀದಿಗೆಲ್ಲ ಕೇಳಿತು: "ಅಲ್ಲೇ ಊರಿನವರಿಗೆ ಫೋನ್ ಮಾಡಿ ಸಾರ್, ಅದು ಹಸಿರು ಊರು."

ಬಿಸಿಲೇರಿತು. ತಾರಸಿ ಕಾದ ಹಂಚಾಯಿತು. ಕೆಳಗೆ ಅಂಗಿಗೆ ಇಸ್ತ್ರಿಯಾಗಿತ್ತು, ಮೇಲೆ ಅಂಗಿಯ ಧಣಿಗೆ ಆಗುತ್ತಿತ್ತು. ಆಗ ಕೆಂಡತ್ತೆ ಬೀದಿಯ ನಡುವೆ ನಿಂತು ಹೇಳಿದಳು:

"ನನ್ನ ಸೊಸೆ ಏಳು ತಿಂಗಳ ಬಸುರಿ. ದಿನಾ ಈ ಏಣಿ ಹತ್ತಿ ನಿಮಗೆ ಲೆಕ್ಕ ಕಳಿಸ್ತಾಳೆ. ಏನು ಲೆಕ್ಕ ಗೊತ್ತಾ? ಊರಲ್ಲಿ ಬಸುರಿ ಹೆಂಗಸರನ್ನ ಎಷ್ಟು ಜೋಪಾನವಾಗಿ ನೋಡ್ಕೊಳ್ತಿದ್ದೀವಿ ಅಂತ! ನಿಮ್ಮದು ಬರೀ ಊಟದ ಹೊಟ್ಟೆ, ಅದಕ್ಕೇ ಏದುಸಿರು ಬಂತು. ಅವಳದ್ದು ನನ್ನ ಮೊಮ್ಮಗು. ನನ್ನ ಅಂಗಡಿ ಮುಳುಗಿದ್ರೆ ಮುಳುಗಲಿ, ತಂತಿ ಹಾಕಿ."

ಸಾಹೇಬ ತಾರಸಿಯ ಅಂಚಿಗೆ ಬಂದು, ಜನರ ಸಾಲಿನಲ್ಲಿ ಹೊಟ್ಟೆ ಹಿಡಿದು ನಿಂತಿದ್ದ ನರ್ಸನ್ನು ನೋಡಿದ. ಕೆಟ್ಟವನೇನಲ್ಲ ಆತ. ತಾನು ನಿಂತಿದ್ದಲ್ಲಿ ಮಾತ್ರ ಊರು ಹಸಿರು ಎನ್ನುವುದು ಅವನಿಗೆ ಅಂಗಾಲಿನಿಂದ ನೆತ್ತಿಗೆ ಹತ್ತಿತ್ತು. ನಕ್ಷೆಯ ಬಣ್ಣ ಬದಲಾಯಿಸಬೇಕೆಂದು ಅಲ್ಲಿಂದಲೇ ಬರೆದು ಕಳಿಸಿದ. ಸಿಗ್ನಲ್ಲು ಅಲ್ಲಿತ್ತಲ್ಲ. ಕೆಂಡತ್ತೆ ಏಣಿ ಇಟ್ಟಳು.

ಸೊಸೆ ಆವತ್ತು ಮಾತಾಡಿದಳು. "ಏಣಿ ಓರೆಯಾಗಿದೆ, ನೆಟ್ಟಗೆ ನಿಲ್ಲಿಸಿ," ಎಂದಳು. ಅಷ್ಟೇ.

ಸರ್ಕಾರ ಒಪ್ಪುವುದಕ್ಕೂ ತಂತಿ ತಲುಪುವುದಕ್ಕೂ ನಡುವೆ ಒಂದು ಹೆರಿಗೆ, ಒಂದು ಬಾಣಂತನ ಮುಗಿಯಬಹುದು. ಮುಗಿಯಿತೂ ಕೂಡ. ಅಷ್ಟು ದಿನವೂ ಸೊಸೆಯ ಹೊಸ ಫೋನು ಹಿಡಿದು ಏಣಿ ಹತ್ತಿದವಳು ಕೆಂಡತ್ತೆ. ಮಂಡಿ ಲಟಲಟ ಎನ್ನುತ್ತಿತ್ತು, ಬಾಯಲ್ಲಿ ಬೈಗುಳ. ಡಾಕ್ಟರ ಜೊತೆ ತಾನೇ ಮಾತಾಡುತ್ತಿದ್ದಳು. ಫೋನಿನಲ್ಲಿ ದೂರದವರಿಗೆ ಜೋರಾಗಿ ಹೇಳಬೇಕೆಂದು ಅವಳ ನಂಬಿಕೆ. ಬೇಕರಿಯವನ ಮೂಲವ್ಯಾಧಿ ಊರಿಗೆ ಗೊತ್ತಾದದ್ದು ಹಾಗೆ.

ತಂತಿ ಬಂತು. ಮನೆಮನೆಯಲ್ಲೂ ಕಿರುದೀಪ ಮಿನುಗಿತು. ಗಂಡಸರೆಲ್ಲ ಒಂದೇ ವಾರದಲ್ಲಿ ಮುದುರಿ ಮುದ್ದೆಯಾದರು. ಕೆಂಡತ್ತೆಯ ಮೇಜಿನ ಕಂಬಳಿಯ ಮೇಲೆ ಬಟ್ಟೆಗಳ ಬದಲು ಮೊಮ್ಮಗಳು ಮಲಗತೊಡಗಿದಳು. "ಇವಳಿಗೆ ಇಸ್ತ್ರಿ ಬೇಡ, ಸುಕ್ಕೇ ಚೆಂದ," ಎಂದು ಕೆಂಡತ್ತೆ ಆ ಪುಟ್ಟ ತೊಡೆಯ ಮಡಿಕೆಗಳನ್ನು ಒತ್ತಿ ನೋಡುತ್ತಿದ್ದಳು. ಅಂಗಡಿಯ ಮಾತು ಎತ್ತಿದರೆ ಮಾತ್ರ ಮುಖ ತಿರುಗಿಸುತ್ತಿದ್ದಳು.

ಉದ್ಘಾಟನೆಯ ದಿನ ಶಾಲೆಯ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿದರು. ರಾಜಧಾನಿಯಿಂದ ಮಂತ್ರಿಗಳು ಪರದೆಯಲ್ಲಿ ಬಂದು ನಮ್ಮನ್ನು ಅಭಿನಂದಿಸುವವರಿದ್ದರು. ದೊಡ್ಡ ಸಾಹೇಬ ಹೊಸ ಅಂಗಿಯಲ್ಲಿ ಮಿಂಚುತ್ತಿದ್ದ. ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಅದೇ ಹೊತ್ತಿಗೆ ಊರ ಹೊರಗೆ ನೀರಿನ ಇಲಾಖೆಯವರು ಪೈಪಿಗೆಂದು ನೆಲ ಅಗೆದು, ನೀರಿಗಿಂತ ಮೊದಲು ತಂತಿಯನ್ನು ಮುಟ್ಟಿದರು. ಮಂತ್ರಿಗಳು ಬಾಯಿ ತೆರೆದವರು ತೆರೆದ ಹಾಗೆಯೇ ನಿಂತರು. ಆಮೇಲೆ ಪರದೆ ಕಪ್ಪಾಯಿತು.

ಇಡೀ ಅಂಗಳದ ತಲೆಗಳು ಒಂದೇ ಕಡೆ ತಿರುಗಿದವು. ಬೀದಿಯಾಚೆ ಅಂಗಡಿಯ ಬಾಗಿಲಲ್ಲಿ ಕೆಂಡತ್ತೆ ಮೊಮ್ಮಗಳನ್ನು ಸೊಸೆಯ ಕೈಗೆ ದಾಟಿಸಿ, ಇದ್ದಿಲಿನ ಬುಟ್ಟಿಗೆ ಕೈ ಹಾಕಿದ್ದಳು. ದೊಡ್ಡ ಸಾಹೇಬ ವೇದಿಕೆ ಇಳಿದು ಆ ಕಡೆ ನಡೆದ. ನಡೆಯುತ್ತಲೇ, ಯಾರೂ ಹೇಳುವ ಮೊದಲೇ, ಅಂಗಿಯ ಗುಂಡಿ ಬಿಚ್ಚತೊಡಗಿದ.