ಕೊನೆಯ ಪುಟ ಓದಿಕೊಟ್ಟವರು

ರಬಕವಿಯಲ್ಲಿ ಸೀರೆ ಅಂಗಡಿ ನಡೆಸುವ ನಾನು ಈಗೀಗ ಇಂಗ್ಲಿಷ್ ಕಲಿಯುತ್ತಿದ್ದೇನೆ. ಮುಧೋಳದ ಬಸ್ಸಿನಲ್ಲಿ, ಕಲಿಯುವವರಿಗೆಂದೇ ಸರಳವಾಗಿ ಬರೆದ ಸಚಿತ್ರ ಪತ್ತೇದಾರಿ ಕತೆಯನ್ನು, ಸಾಲುಸಾಲಿಗೂ ಮೊಬೈಲಿನಲ್ಲಿ ಪದಗಳ ಅರ್ಥ ಹುಡುಕುತ್ತ ಓದುತ್ತಿದ್ದೆ. ನಾನು ಮುಗಿಸಲಿದ್ದ ಮೊದಲ ಇಂಗ್ಲಿಷ್ ಪುಸ್ತಕ ಅದು. ಕೊಲೆಗಾರ ಯಾರೆಂಬುದಷ್ಟೇ ಬಾಕಿ.

ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಕೇಳದೆಯೇ ಪುಸ್ತಕ ಕಸಿದುಕೊಂಡು ಕೊನೆಯ ಪುಟ ತೆರೆದರು.

“ಡಾಕ್ಟರೇ ಕೊಂದಾನ ನೋಡ್ರಿ ಅಕ್ಕಾರ. ಇಷ್ಟಕ್ಕ ಯಾಕ ಒದ್ದಾಡಾಕತ್ತೀರಿ?”

ನನ್ನ ಮೈಯೆಲ್ಲ ಉರಿಯಿತು. “ನಿಮಗ್ಯಾರ ಕೇಳಿದ್ರು? ಕೊಡ್ರಿ ಇಲ್ಲಿ!” ಎಂದು ಒದರಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

“ಸಹಾಯ ಮಾಡಿದ್ರೂ ಸಿಟ್ಟಿಗೇಳ್ತಾರ,” ಎಂದು ಅವರು ಗೊಣಗಿದರು.

ಅವರ ಮಾತು ಸುಳ್ಳಾಗಲಿ ಎಂದು ಹಲ್ಲು ಕಚ್ಚಿ ಉಳಿದದ್ದೆಲ್ಲ ಓದಿದೆ. ಕೊಂದವನು ಡಾಕ್ಟರೇ. ಸಿಟ್ಟಿನ ಭರದಲ್ಲಿ ಒಂದು ಪದದ ಅರ್ಥವನ್ನೂ ಹುಡುಕದೆ ಓದಿ ಮುಗಿಸಿದ್ದೆನೆಂದು ಬಸ್ಸಿಳಿದ ಮೇಲೆ ಹೊಳೆಯಿತು. ಅದಕ್ಕಾಗಿ ಅವರನ್ನು ನೆನೆಯುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ.