ಬಿಳಿ ಅಂಗಿಯವನೇ ವರ ಎಂದುಕೊಂಡಿದ್ದು

ಗೆಳೆಯರೇ, ಇಂದು ಅಥಣಿ ರಸ್ತೆಯ ಮನೆಯೊಂದರಲ್ಲಿ ನನ್ನ ಹೊಸ ಕಾದಂಬರಿ ಚರ್ಚೆಗೆ ಕೂತ ಓದುಗರ ಕೈಗೆ ಸಿಕ್ಕಿತು. ಆದಿಲ್‌ಶಾಹಿ ಕಾಲದ ಹುಡುಗಿಯೊಬ್ಬಳು ಕುದುರೆ ನೋಡಿಕೊಳ್ಳುವವನನ್ನು ಸರದಾರನೆಂದು ತಿಳಿದು ಮನಸೋಲುವ ಹಗುರ ಕಥೆ.

‘ಇಷ್ಟು ತಪ್ಪು ಯಾರರ ತಿಳಕೋತಾರೇನ್ರಿ? ಪೂರಾ ಸುಳ್ಳು,’ ಎಂದರು ಜೈನಾಪುರದ ದ್ರಾಕ್ಷಿ ಬೆಳೆಗಾರ ಬಸಪ್ಪನವರು. ನಾನು ಚಹಾದ ಕಪ್ಪು ಎತ್ತಿಕೊಂಡೆ.

ಪಕ್ಕದಲ್ಲಿದ್ದ ಅವರ ಹೆಂಡತಿ ಗೌರಮ್ಮ ಮೆಲ್ಲಗೆ ಹೇಳಿದರು: ‘ಯಾಕ ಸುಳ್ಳು? ಕನ್ಯಾ ನೋಡಾಕ ಬಂದಾಗ ಬಿಳೇ ಅಂಗಿ ಹಾಕ್ಕೊಂಡಿದ್ದ ನಿಮ್ಮ ಗೆಳೆಯಾನ್ನ ವರ ಅಂತ ತಿಳದು ನಾ ಹೂಂ ಅಂದಿದ್ದೆ.’

ಬಸಪ್ಪನವರು ಚಹಾ ಸುರಿದುಕೊಂಡಿದ್ದ ಬಸಿಯನ್ನು ಕೆಳಗಿಟ್ಟರು. ‘ಮೂವತ್ತು ವರ್ಷ ಆತು. ಇನ್ನೂ ಅಂವ ನಿನ್ನ ಮನಸ್ನ್ಯಾಗ ಅದಾನೇನು?’

ಉಳಿದ ಹೆಂಗಸರು ಬಿಡಲಿಲ್ಲ. ‘ಗೌರಕ್ಕ, ಒಡಪಿನ್ಯಾಗ ಗಂಡನ ಹೆಸರು ಹೇಳಿಬಿಡ್ರಿ. ಯಾರು ಅನ್ನೂದು ಗೊತ್ತಾಗ್ಲಿ.’

ಗೌರಮ್ಮ ಸೆರಗು ಸರಿಮಾಡಿಕೊಂಡು, ಪ್ರಾಸ ಕಟ್ಟಿ ಒಡಪು ಹೇಳಿದರು.

‘ಬಿಳೇ ಅಂಗಿ ನೋಡಿ ಆಗಿದ್ದು ತಪ್ಪು,
ಬಸಪ್ಪನವರು ಹರಕ ಅಂಗ್ಯಾಗ ಬಂದ್ರೂ ನನಗ ಒಪ್ಪು.’

ಎಲ್ಲರೂ ನಗುತ್ತಿರುವಾಗ ಬಸಪ್ಪನವರು ನನ್ನತ್ತ ತಿರುಗಿ, ‘ಪುಸ್ತಕ ಚಲೋ ಐತ್ರಿ,’ ಎಂದರು.

ಇದೇ ತಪ್ಪನ್ನು ಸರಿಪಡಿಸಲು ನನಗೆ ಮುನ್ನೂರು ಪುಟ ಬೇಕಾಗಿದ್ದವು.